ಎರಡನೇ ವರ್ಷ, ಎರಡನೇ ಸಲ

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
ಫೆಬ್ರವರಿ ೧೬, ೨೦೨೫

ಪ್ರೀತಿಯ ಉಮ್ಮನಿಗೆ ನಿಮ್ಮ ನುಸ್ರತ್ ಮಾಡುವ ಸಲಾಂ.

ಫೋನಿನಲ್ಲಿ ನೀವು ಅಳುತ್ತೀರಿ, ಪಕ್ಕದಲ್ಲಿ ನಿಮ್ಮ ಅಳಿಯ ಶಾನವಾಝ್‌ನ ಮನೆಯವರು ಕೆಮ್ಮುವುದು ನನಗೆ ಕೇಳಿಸುತ್ತದೆ. ಅವರ ಮುಂದೆ ಮಾತಾಡಲು ನನಗಾಗುವುದಿಲ್ಲ. ಅದಕ್ಕೇ ಕಾಗದ. ನನ್ನ ರೂಮಿನ ಅಸೀಲಾ ಭಟ್ಕಳಕ್ಕೆ ಹೊರಟಿದ್ದಾಳೆ, ಮಂಗಳೂರಿನಲ್ಲಿ ಇಳಿದವಳು ನಿಮ್ಮ ಕೈಗೇ ಕೊಡುತ್ತಾಳೆ.

ದುಬೈಯ ನರ್ಸಿಂಗ್ ಕಾಲೇಜಿನಲ್ಲಿ ನಾನು ಫೇಲಾದೆ ಎಂದು ಅವನು ನಿಮಗೆ ಹೇಳಿದ್ದಾನೆ. ನಾನು ಫೇಲಾಗಲಿಲ್ಲ ಉಮ್ಮ, ನನ್ನನ್ನು ಹೊರಗೆ ಹಾಕಿದರು. ಎರಡನೇ ವರ್ಷದಲ್ಲಿ ನಮ್ಮನ್ನು ಗಂಡಸರ ವಾರ್ಡಿಗೆ ಹಾಕಿದ್ದರು. ಆಪರೇಷನ್ ಆದ ಮುದುಕರೊಬ್ಬರನ್ನು ತೋಳು ಹಿಡಿದು ನಡೆಸುತ್ತಿದ್ದೆ. ನನ್ನನ್ನು ಕರೆದುಕೊಂಡು ಹೋಗಲು ಬಂದ ಶಾನವಾಝ್ ಅದನ್ನು ನೋಡಿದ. ಅಲ್ ಬರ್ಷಾದ ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಬೆಲ್ಟ್ ತೆಗೆದ. ಬಕಲ್ ಇರುವ ತುದಿಯಿಂದ ಹೊಡೆದ. ನಾನು ಕಿರುಚದಂತೆ ಟಿವಿಯ ಸದ್ದು ಏರಿಸಿದ್ದ.

ಮರುದಿನ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ನನ್ನ ತೋಳಿನಿಂದ ರಕ್ತ ಒಸರಿ ಯೂನಿಫಾರ್ಮ್ ಕೆಂಪಾಯಿತು. ಪಾಠ ಮಾಡುತ್ತಿದ್ದ ಸ್ಟೀಫನ್ ಸರ್ ನಮ್ಮ ಶಿರ್ವದ ಕಡೆಯವರು. ಅವರು ಹುಡುಗಿಯರನ್ನು ಹೊರಗೆ ಕಳಿಸಿ, ಒಬ್ಬ ಮೇಡಮ್ಮನನ್ನು ಕರೆಸಿ ಡ್ರೆಸಿಂಗ್ ಮಾಡಿಸಿದರು. ಸಂಜೆ ಶಾನವಾಝ್‌ಗೆ ಅವರೇ ಫೋನ್ ಮಾಡಿದರು. ಮಾಡಬಾರದಿತ್ತು ಎಂದು ಅವರಿಗೂ ಆಮೇಲೆ ಅನಿಸಿತಂತೆ.

ಮಾರನೇ ಬೆಳಿಗ್ಗೆ ಅವನು ಕಾಲೇಜಿಗೆ ನುಗ್ಗಿದ. ಗ್ಲೂಕೋಸ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡನ್ನೇ ಎತ್ತಿ ಸರ್ ಮುಖಕ್ಕೆ ಬೀಸಿದ. ಹುಬ್ಬು ಸೀಳಿತು. ಬಿಡಿಸಲು ಬಂದ ಸೆಕ್ಯೂರಿಟಿಯವನ ಹೊಟ್ಟೆಗೆ ಒದ್ದ. ಕಪಾಟಿನ ಗಾಜೆಲ್ಲ ನೆಲದ ಮೇಲೆ. ನಾನು ಮೂಲೆಯಲ್ಲಿ ನಿಂತು "ಸರ್, ಸಾರಿ ಸರ್" ಎನ್ನುತ್ತಲೇ ಇದ್ದೆ.

ಸರ್ ಆಗಲೂ ನನ್ನ ಪರವಾಗಿಯೇ ಮಾತಾಡಿದರು. ಆದರೆ ನಾನಿದ್ದರೆ ಬೇರೆ ವಿದ್ಯಾರ್ಥಿಗಳಿಗೆ ಅಪಾಯ ಎಂದು ಕಾಲೇಜಿನವರು ನನ್ನ ಹೆಸರು ತೆಗೆದುಹಾಕಿದರು, ಕಾಲೇಜಿನ ಮರ್ಯಾದೆ ಹೋಗುತ್ತದೆಂದು ಪೊಲೀಸರಿಗೆ ದೂರನ್ನೂ ಕೊಡಲಿಲ್ಲ. ಆವತ್ತು ಮನೆಯಲ್ಲಿ ಅವನು ನನ್ನ ಯೂನಿಫಾರ್ಮನ್ನು ಗ್ಯಾಸ್ ಒಲೆಯ ಮೇಲೆ ಹಿಡಿದು ಸುಟ್ಟ. ತಡೆಯಲು ಹೋದ ನನ್ನ ಕೈಯನ್ನೂ ಅದೇ ಉರಿಗೆ ಹಿಡಿದ. "ಖಲಾಸ್, ಇನ್ನು ಓದು ಗೀದು ಎಂತದೂ ಇಲ್ಲ" ಎಂದ.

ಒಂದು ಶುಕ್ರವಾರ ಅವನು ಜುಮಾ ನಮಾಝಿಗೆ ಹೋದಾಗ ಪಾಸ್‌ಪೋರ್ಟ್ ತೆಗೆದುಕೊಂಡು ಹೊರಟೆ. ಮೆಟ್ರೋ, ಆಮೇಲೆ ಬಸ್ಸು. ಅಬುಧಾಬಿಯಲ್ಲಿ ಕ್ಲಿನಿಕ್‌ನ ಕೆಲಸದಲ್ಲಿರುವ ಅಸೀಲಾ ತನ್ನ ರೂಮಿನಲ್ಲಿ ಜಾಗ ಕೊಟ್ಟಳು. ಇಲ್ಲಿನ ಕಾಲೇಜಿನವರು, ಒಂದು ಕಡೆ ಹೊರಗೆ ಹಾಕಿದವಳನ್ನು ನಾವು ಹೇಗೆ ಸೇರಿಸಿಕೊಳ್ಳುವುದು ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ, ನಾನು ಫೋನ್ ಮಾಡಿದ್ದಕ್ಕೆ ದುಬೈಯಿಂದ ಬಂದಿದ್ದ ಸ್ಟೀಫನ್ ಸರ್ ಎದ್ದು ನಿಂತರು. ಹುಬ್ಬಿನ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. "ಇದನ್ನು ಮಾಡಿದ್ದು ಇವಳ ಗಂಡ. ಶಿಕ್ಷೆ ಆದದ್ದು ಇವಳಿಗೆ. ನೀವೂ ಹಾಗೆ ಮಾಡಬೇಡಿ" ಎಂದರು. ಕಾಲೇಜಿನವರು ನನ್ನನ್ನು ಮತ್ತೆ ಎರಡನೇ ವರ್ಷಕ್ಕೇ ಸೇರಿಸಿಕೊಂಡರು. ವೀಸಾ ಕೂಡ ಈಗ ಅವನ ಹೆಸರಿನದ್ದಲ್ಲ, ಕಾಲೇಜಿನದ್ದೇ.

ನಾನಿರುವ ಕಟ್ಟಡದ ಹೆಸರನ್ನು, ಹೆತ್ತ ತಂದೆ ಉಪ್ಪನಿಗೂ ಹೇಳದೆ, ಊರಿನಲ್ಲಿ ನಿಮಗೊಬ್ಬರಿಗೇ ಹೇಳಿದ್ದೆ. ನೀವು ಅವನಿಗೆ ಹೇಳಿದಿರಿ. ಬಂದು ರಾಜಿ ಮಾಡಿಕೊಂಡು ಹೋಗುತ್ತಾನೆ ಎಂದುಕೊಂಡಿರಿ, ನನಗೆ ಗೊತ್ತು.

ಹೋದ ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದೆ. ಲಿಫ್ಟ್ ಬಾಗಿಲು ತೆರೆದುಕೊಂಡಾಗ ಎದುರಿಗೇ ನಿಂತಿದ್ದ. "ಯಲ್ಲಾ, ನಡಿ ಮನೆಗೆ" ಎಂದ. ಬರುವುದಿಲ್ಲ ಎಂದೆ. ತಲೆವಸ್ತ್ರದ ಜೊತೆ ಕೂದಲನ್ನೂ ಹಿಡಿದು ನನ್ನ ಹಣೆಯನ್ನು ಗೋಡೆಗೆ ಅಪ್ಪಳಿಸಿದ. ಮತ್ತೆ ಮತ್ತೆ ಅಪ್ಪಳಿಸಿದ. ಬಾಯಲ್ಲಿ ರಕ್ತ ತುಂಬಿತು. ಅವನ ಬೆರಳು ಕಚ್ಚಿ ಬಿಡಿಸಿಕೊಂಡು ಓಡಿದೆ. ಗಾಜಿನ ಹೊರಬಾಗಿಲು ದಾಟಿ, ಅದನ್ನು ಹೊರಗಿನಿಂದ ಎಳೆದು ಹಿಡಿದುಕೊಂಡೆ. ಅವನು ಒಳಗಿನಿಂದ ಗುದ್ದಿದ. ಗಾಜು ಒಡೆದು ಅವನ ಕೈ ನನ್ನ ಕಡೆಗೆ ಬಂತು. ಸಿಟ್ಟಿನಲ್ಲಿ ಅವನೇ ಅದನ್ನು ಹಿಂದಕ್ಕೆ ಎಳೆದುಕೊಂಡಾಗ ಮಣಿಕಟ್ಟಿನ ಮೇಲೆ ಉದ್ದಕ್ಕೆ ಸೀಳಿ ರಕ್ತ ಚಿಮ್ಮಿತು, ಅವನು ಕುಸಿದು ಬಿದ್ದ.

ಓಡಿಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲು ತೆರೆದು ಒಳಗೆ ಬಂದು, ತಲೆವಸ್ತ್ರ ಬಿಚ್ಚಿ ಮುದ್ದೆ ಮಾಡಿ ಗಾಯಕ್ಕೆ ಒತ್ತಿ, ಅವನ ತೋಳಿನ ಮೇಲೆ ಮಂಡಿಯೂರಿ ಕುಳಿತೆ. ಅವನು ಇನ್ನೊಂದು ಕೈಯಲ್ಲಿ ನನ್ನ ಕುತ್ತಿಗೆ ಹಿಸುಕಿದ. "ಕೊಂದು ಹಾಕ್ತೇನೆ ನಿನ್ನ" ಎಂದ.

"ನಾನು ಕೈ ಬಿಟ್ಟರೆ ನೀನೇ ಸಾಯುವುದು" ಎಂದೆ.

ಅವನು ಬಿಡಲಿಲ್ಲ. ನನಗೆ ಕಣ್ಣು ಕತ್ತಲೆ ಬಂತು. ಆಗ ಬೇಕೆಂದೇ ಕೈ ಸಡಿಲಿಸಿದೆ ಉಮ್ಮ. ಬಿಸಿ ರಕ್ತ ನನ್ನ ಮುಖಕ್ಕೆ ಹಾರಿತು. ಅದನ್ನು ನೋಡಿ ಅವನ ಕಣ್ಣಲ್ಲಿ ಮೊದಲ ಸಲ ಹೆದರಿಕೆ ಕಂಡೆ, ನನ್ನ ಕುತ್ತಿಗೆ ಬಿಟ್ಟ. ಮತ್ತೆ ಒತ್ತಿ ಹಿಡಿದೆ. ವಾಚ್‌ಮನ್ ಕರೆಸಿದ ಆಂಬುಲೆನ್ಸ್ ಬರುವವರೆಗೂ ಹಿಡಿದೇ ಇದ್ದೆ.

ನಿನ್ನೆ ಫೋನಿನಲ್ಲಿ ನೀವು ಕೇಳಿದಿರಿ, ಪ್ರೀತಿ ಇಲ್ಲದಿದ್ದರೆ ಅವನ ಜೀವ ಉಳಿಸುತ್ತಿದ್ದೆಯಾ, ಕೇಸು ವಾಪಸು ತೆಗೆದುಕೋ ಎಂದಿರಿ. ಪ್ರೀತಿ ಇರಲಿಲ್ಲ. ಅಲ್ಲಿ ಯಾರು ಬಿದ್ದಿದ್ದರೂ ಒತ್ತಿ ಹಿಡಿಯುತ್ತಿದ್ದೆ, ಅಷ್ಟೇ. ಬೇರೆ ಯಾರಾಗಿದ್ದರೂ ನಡುವೆ ಕೈ ಸಡಿಲಿಸುತ್ತಿರಲಿಲ್ಲ, ಅದೂ ನಿಜ. ಪೊಲೀಸರಿಗೆ ಎಲ್ಲವನ್ನೂ ಹೇಳಿದ್ದೇನೆ, ಕೈ ಸಡಿಲಿಸಿದ್ದನ್ನೂ. ಕೇಸು ವಾಪಸು ತೆಗೆಯುವುದಿಲ್ಲ. ತಲಾಖಿಗೂ ಅರ್ಜಿ ಕೊಟ್ಟಿದ್ದೇನೆ.

ಹಣೆಗೆ ಹೊಲಿಗೆ ಹಾಕಿಸಿಕೊಂಡು ಪ್ರಿನ್ಸಿಪಾಲರ ಮುಂದೆ ನಿಂತೆ. ಇಲ್ಲಿಂದಲೂ ಹೊರಗೆ ಹಾಕುತ್ತಾರೆ ಎಂದೇ ಬ್ಯಾಗಿನಲ್ಲಿ ಪುಸ್ತಕಗಳನ್ನೆಲ್ಲ ವಾಪಸು ಕೊಡಲು ತಂದಿದ್ದೆ. ಆಕೆ ನನ್ನನ್ನು ಕೂರಿಸಿ, ಎಷ್ಟು ದಿನ ರಜೆ ಬೇಕು ಎಂದು ಕೇಳಿದರು. ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತೆ. ನಾಳೆಯಿಂದ ಮತ್ತೆ ವಾರ್ಡಿಗೆ ಹೋಗುತ್ತೇನೆ.

ಊಟ ಬಿಡಬೇಡಿ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಆದರೆ ಫೋನ್ ಮಾಡುವಾಗ ಒಬ್ಬರೇ ಇದ್ದು ಮಾಡಿ.

ನಿಮ್ಮ ಮಗಳು,
ನುಸ್ರತ್

ಮರೆತಿದ್ದು: ಈಗ ನಮಗೆ ಮೂಳೆ ಮುರಿತದ ಪಾಠ ನಡೆಯುತ್ತಿದೆ. ಜಾರಿ ಬಿದ್ದವರಿಗೆ ಹೆಚ್ಚಾಗಿ ಮುರಿಯುವುದು ಮಣಿಕಟ್ಟು. ಮುಖಕ್ಕೆ ಬರುವ ಏಟನ್ನು ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಎಲುಬು ನಟ್ಟನಡುವೆ ಮುರಿಯುತ್ತದೆ ಎಂದು ಎಕ್ಸ್‌ರೇ ತೋರಿಸಿದರು. ನಿಮ್ಮ ಎಡಗೈ ಅಲ್ಲೇ ಡೊಂಕಾಗಿದೆ. ಬಾವಿಕಟ್ಟೆಯಲ್ಲಿ ಜಾರಿದೆ ಎಂದು ನೀವು ಹೇಳಿದ್ದನ್ನು ನಾನು ಇಷ್ಟು ವರ್ಷ ನಂಬಿದ್ದೆ. ಈ ಕಾಗದ ಉಪ್ಪನ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಉಮ್ಮ.