ಎರಡು ಅರ್ಜಿ, ಒಂದು ರುಜು

ಚಿಂತಾಮಣಿ
೧೧ ಜೂನ್ ೨೦೦೬, ಭಾನುವಾರ

ಪ್ರೀತಿಯ ಮಗಳು ಯಶೋಧರಾಗೆ,

ಹೇಗಿದ್ದೀಯಮ್ಮ? ಹೋದ ತಿಂಗಳ ಜ್ವರ ಪೂರ್ತಿ ಬಿಟ್ಟಿತೇ? ಐದು ವರ್ಷವಾದರೂ ಧಾರವಾಡದ ಹಾಸ್ಟೆಲಿನ ರೊಟ್ಟಿ ನಿನಗೆ ಒಗ್ಗಲಿಲ್ಲವೆಂದು ನಿಮ್ಮಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಒಂದು ಡಬ್ಬಿ ರಾಗಿಹಿಟ್ಟು ತುಂಬಿಸಿಟ್ಟಿದ್ದಾಳೆ, ಆ ಕಡೆ ಬರುವವರು ಯಾರಾದರೂ ಸಿಕ್ಕಿದರೆ ಕಳಿಸುತ್ತೇನೆ. ಅವಳ ಮಂಡಿನೋವು ಮೊದಲಿನಷ್ಟಿಲ್ಲ. ನಾನು ಆರೋಗ್ಯವಾಗಿದ್ದೇನೆ. ರಿಟೈರಾಗಲು ಇನ್ನು ಏಳು ತಿಂಗಳಿದೆ. ಕೋರ್ಟಿಗೆ ಈಗಲೂ ಸೈಕಲ್ಲಿನಲ್ಲೇ ಹೋಗುತ್ತೇನೆ. ಫೋನಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲವೆಂದು ನೀನು ಬೇಜಾರು ಮಾಡಿಕೊಂಡೆಯಂತೆ. ಅದಕ್ಕೇ ಈ ಕಾಗದ.

ನೀನು ಕಳಿಸಿದ ಕವರು ಮಂಗಳವಾರ ಬಂತು. ಒಳಗೆ ಎರಡು ಅರ್ಜಿ, ಒಂದು ಲಂಡನ್ನಿಗೆ, ಇನ್ನೊಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ. ಸ್ಕಾಲರ್‌ಶಿಪ್ಪಿಗೆ ಒಂದೇ ದೇಶ ಬರೆಯಬೇಕು, ನಿಮಗೆ ಸರಿ ಕಂಡದ್ದಕ್ಕೆ ರುಜು ಹಾಕಿ ಕಳಿಸಿ ಅಪ್ಪ, ಎಂದು ಚೀಟಿ ಇಟ್ಟಿದ್ದೆ. ಕನ್ನಡಕ ಹುಡುಕಲು ಹಿಡಿದಷ್ಟು ಹೊತ್ತು ಕೂಡ ರುಜು ಹಾಕಲು ಹಿಡಿಯಲಿಲ್ಲ. ಲಂಡನ್. ಬಾಬಾಸಾಹೇಬರು ಬ್ಯಾರಿಸ್ಟರ್ ಆದ ಊರು. ನೀನು ಹುಟ್ಟಿದಾಗ ನಾವು ಬೌದ್ಧ ದೀಕ್ಷೆ ತೆಗೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತೊಟ್ಟಿಲ ಪಕ್ಕ ನಿಂತುಕೊಂಡೇ, ನನ್ನ ಮಗಳು ಲಂಡನ್ನಿನಲ್ಲಿ ಲಾ ಓದುತ್ತಾಳೆ ಎಂದು ಬಂದವರಿಗೆಲ್ಲ ಹೇಳಿದ್ದೆ. ಹೇಳಿ ಹೇಳಿ, ಅದು ನಿನ್ನದೇ ಆಸೆಯೆಂದು ನಂಬಿಬಿಟ್ಟಿದ್ದೆ. ನಿಮ್ಮಮ್ಮ ಮಾತ್ರ, “ಲಂಡನ್ನೇ ಬೇಕು ಅಂದಿದ್ರೆ ಎರಡು ಯಾಕ್ ಕಳಿಸ್ತಿದ್ಲು?” ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ನೋಟರಿ ಸೀಲು ಹಾಕಿಸಲು ವಕೀಲರಾದ ಮುನಿನಾರಾಯಣಪ್ಪನವರ ಆಫೀಸಿಗೆ ಹೋದೆ. ನಾನು ಅಮೀನನಾಗಿ ಸೇರಿದಾಗ ಅವರೂ ಕೋರ್ಟಿಗೆ ಹೊಸಬರು. ಅರ್ಜಿಯ ಹಿಂದೆ ನೀನು ಸೇರಿಸಿದ್ದ ಬರಹಗಳನ್ನು ಅವರು ನಿಧಾನವಾಗಿ ಓದಿದರು. “ಇದನ್ನ ಓದಿದೀಯೇನಯ್ಯ ಬಯ್ಯಪ್ಪ?” ಎಂದು ಕೇಳಿದರು. ಸಮನ್ಸಿನ ಇಂಗ್ಲಿಷ್ ಬಿಟ್ಟರೆ ಬೇರೆ ಇಂಗ್ಲಿಷ್ ನನಗೆಲ್ಲಿ ಬರುತ್ತದೆ? “ಲಂಡನ್ನಿಂದು ಪುಸ್ತಕದಲ್ಲಿರೋ ಹಂಗೆ ಚೆನ್ನಾಗಿ ಬರ್ದಿದಾಳೆ. ಈ ಕೇಪ್‌ಟೌನಿಂದು ಕೇಳು, ಕೂತ್ಕೊ” ಎಂದು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದರು.

ಮುರುಗಮಲ್ಲದ ಆಚೆಯ ಆ ಮನೆ ನಿನಗೆ ನೆನಪಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಆಗ ನೀನು ಮೂರನೇ ಕ್ಲಾಸು. ನಿಮ್ಮಮ್ಮ ತಂಗಿಯ ಬಾಣಂತನಕ್ಕೆ ಗೌರಿಬಿದನೂರಿಗೆ ಹೋಗಿದ್ದಳು, ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುವವರಿರಲಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಕೋರ್ಟಿನಲ್ಲಿ ಗೆದ್ದವರಿಗೆ ಮನೆ ಖಾಲಿ ಮಾಡಿಸಿ ಬೀಗದ ಕೈ ಕೊಡುವುದು ನನ್ನ ಕೆಲಸ. ಆ ಮನೆಯ ಅಮ್ಮಾಜಮ್ಮ ಪಾತ್ರೆಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದಿಟ್ಟಿದ್ದು, ರುಬ್ಬುವ ಕಲ್ಲನ್ನು ಇಬ್ಬರು ಸೇರಿಯೂ ಕದಲಿಸಲಾಗದೆ ಬಿಟ್ಟಿದ್ದು, ಎಲ್ಲವನ್ನೂ ನೀನು ಬರೆದಿದ್ದೀಯ. ಅಷ್ಟರ ನಡುವೆ ಆಕೆ “ಬಿಡ್ಡಕಿ ದಾಹಮೈಂದೇಮೋ ನಾಯನಾ” ಎಂದು, ಮಗುವಿಗೆ ಬಾಯಾರಿರಬೇಕೆಂದು, ನಿನ್ನ ಕೈಗೆ ನೀರಿನ ಚೊಂಬು ಕೊಟ್ಟಿದ್ದನ್ನೂ ಬರೆದಿದ್ದೀಯ. ಅವತ್ತು ನಾನು ಕೋರ್ಟಿಗೆ ಕೊಟ್ಟ ವರದಿಯಲ್ಲಿ ಇದೊಂದೂ ಇರಲಿಲ್ಲ. ‘ಶಾಂತಿಯುತವಾಗಿ ಸ್ವಾಧೀನ ಕೊಡಲಾಗಿದೆ’ ಎಂದಿತ್ತು, ಅಷ್ಟೆ.

“ಎಲ್ಲಾ ಸಂದರ್ಭನೂ ನೋಡ್ದೆ ಯಾರನ್ನೂ ಮನೆಯಿಂದ ಹೊರಗೆ ಹಾಕೋ ಆದೇಶ ಮಾಡಬಾರ್ದು ಅಂತ ಆ ದೇಶದ ಸಂವಿಧಾನದಲ್ಲೇ ಇದೆ ಕಣಯ್ಯ. ನಿನ್ನ ಮಗಳಿಗೆ ಅದನ್ನ ಅಲ್ಲೇ ಹೋಗಿ ಓದ್ಬೇಕು ಅಂತಿದೆ” ಎಂದರು ಮುನಿನಾರಾಯಣಪ್ಪ. ಸೀಲು ಹಾಕದೆ ಎರಡನ್ನೂ ವಾಪಸು ಕೊಟ್ಟರು.

ಮುಚ್ಚಿಡುವುದಿಲ್ಲ ಮಗಳೇ, ಮೊದಲು ನನಗೆ ಸಿಟ್ಟೇ ಬಂತು. ಅಪ್ಪನ ಕೆಲಸವನ್ನು ಕೇಪ್‌ಟೌನಿನವರ ಮುಂದೆ ಯಾಕೆ ಹರಡಿದಳು ಎಂದುಕೊಂಡೆ. ನೀನು ಫೋನು ಮಾಡಿದ್ದು ಆ ಸಂಜೆಯೇ. ಎರಡು ದಿನ ಮನೆಯಲ್ಲೂ ಸರಿಯಾಗಿ ಮಾತಾಡಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಬಾಗಿಲಿಗೆ ಬೀಗ ಹಾಕಿದ್ದೇನೋ, ಎಲ್ಲವೂ ಕೋರ್ಟಿನ ಆದೇಶವೇ. ನಾನು ತಪ್ಪು ಮಾಡಿದೆನೆಂದು ನೀನು ಎಲ್ಲಿಯೂ ಬರೆದಿಲ್ಲ ಎಂದು ಮುನಿನಾರಾಯಣಪ್ಪ ಎರಡು ಸಲ ಹೇಳಿದರು. ಬರೆದಿದ್ದರೆ ವಾದ ಮಾಡಬಹುದಿತ್ತು.

ನಿನ್ನೆ ಇದನ್ನೆಲ್ಲ ನಿಮ್ಮಮ್ಮನಿಗೆ ಹೇಳಿದೆ. ಆ ದೇಶದಲ್ಲಿ ಕಳ್ಳತನ, ಹೊಡೆದಾಟ ಜಾಸ್ತಿ ಎಂದು ಪಕ್ಕದ ಮನೆಯ ಶ್ಯಾಮಲಮ್ಮ ಟೀಚರ್ ಅವಳನ್ನು ಹೆದರಿಸಿದ್ದರು. “ಅಲ್ಲಿ ನಮ್ಮೋರು ಅಂತ ಯಾರಾದ್ರೂ ಇದಾರಾ?” ಎಂದಳು. ನಮ್ಮ ದೇಶದಿಂದ ಹೋದವರ ಮಕ್ಕಳು ಮೊಮ್ಮಕ್ಕಳು ಲಕ್ಷಗಟ್ಟಲೆ ಇದ್ದಾರೆ ಎಂದೆ. ಸೊಪ್ಪು ಬಿಡಿಸುತ್ತಲೇ, “ಭಯ ನನಗಿರ್ಲಿ. ಓದೋಳು ಅವಳು. ಅವಳು ಬರೆದಿದ್ದಕ್ಕೆ ರುಜು ಹಾಕಿ” ಎಂದಳು.

ಈ ಬೆಳಿಗ್ಗೆ ಮುನಿನಾರಾಯಣಪ್ಪನವರ ಮನೆಗೇ ಹೋಗಿ, ಕೇಪ್‌ಟೌನಿನ ಅರ್ಜಿಗೆ ರುಜು ಹಾಕಿ ಸೀಲು ಹಾಕಿಸಿದೆ. ಲಂಡನ್ನಿನದಕ್ಕೆ ಅಡ್ಡಗೆರೆ ಎಳೆದೆ. ಎಳೆಯುವಾಗ ಸಂಕಟವಾಯಿತು, ಅದೂ ನಿನಗೆ ಗೊತ್ತಿರಲಿ. ಕೇರಿಯವರು ಕೇಳಿದರೆ ಉತ್ತರ ಹೇಳುವ ಕೆಲಸ ನನ್ನದು. ನೀನು ತಲೆ ಕೆಡಿಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಹಾಸ್ಟೆಲಿನ ನಿನ್ನ ಗೆಳತಿಯರನ್ನು ಕೇಳಿದೆನೆಂದು ಹೇಳು. ನಿಮ್ಮಮ್ಮನ ಆಶೀರ್ವಾದಗಳು. ಎಲ್ಲಿದ್ದರೂ ನಿನಗೆ ಮಂಗಳವಾಗಲಿ.

ನಿನ್ನ ಅಪ್ಪ,
ಬಯ್ಯಪ್ಪ

ಮೇಲೆ ಬರೆಯಲು ಕೈ ಬರಲಿಲ್ಲ, ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಆ ದಿನ ವಾಪಸು ಬರುವಾಗ, ಅವರೀಗ ಎಲ್ಲಿಗೆ ಹೋಗ್ತಾರಪ್ಪ ಎಂದು ನೀನು ಕೇಳಿದೆ, ಚಿಂತಾಮಣಿಯಲ್ಲಿ ಅವರಿಗೆ ಇನ್ನೊಂದು ಮನೆ ಇದೆಯೆಂದು ನಾನು ಹೇಳಿದೆ. ಅದನ್ನು ಹಾಗೆಯೇ ಬರೆದಿದ್ದೀಯ. ಅವರಿಗೆ ಇನ್ನೊಂದು ಮನೆ ಇರಲಿಲ್ಲ. ನನಗೆ ಅವತ್ತೇ ಗೊತ್ತಿತ್ತು. ನೀನು ಅಳುತ್ತಿದ್ದೆ, ಹಾಗಾಗಿ ಹೇಳಿದೆ. ವಾರದ ಮೇಲೆ ಇನ್ನೊಂದು ನೋಟಿಸು ಹಿಡಿದು ಆ ಊರಿಗೆ ಹೋದಾಗ ಅವರು ಶಾಲೆಯ ಜಗಲಿಯ ಮೇಲೆ ಒಲೆ ಹೂಡಿದ್ದರು. ನಾನು ಸೈಕಲ್ಲನ್ನು ಬೇರೆ ದಾರಿಗೆ ತಿರುಗಿಸಿಕೊಂಡು ಬಂದೆ. ನಿನ್ನ ಬರಹದಲ್ಲಿ ಇನ್ನೊಂದು ಮನೆಯ ಆ ಸಾಲು ಯಾವುದೆಂದು ಮುನಿನಾರಾಯಣಪ್ಪನವರನ್ನು ಕೇಳಿ, ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಕಳಿಸುವ ಮುಂಚೆ ತಿದ್ದಮ್ಮ.