ಸ್ನೋ ಡಬ್ಬಿಯ ಮೇಲಿನ ಮುಖ

೧೨ ಜನವರಿ ೧೯೩೯, ಗುರುವಾರ. ಆಳಂದ

ಬೆಳಗಿನಿಂದ ಜಮಾದಾರರ ಮನೆ ಮದುವೆಯ ಫೋಟೋ ಪ್ಲೇಟುಗಳು. ಮದುಮಗನ ಕಣ್ಣ ಕೆಳಗಿನ ಕಪ್ಪು ತೆಗೆದೆ. ಅವನ ಅತ್ತೆಯ ಗದ್ದದ ಗಂಟೂ ಹೋಯಿತು. ಇವರು ಫೋಟೋ ತೆಗೆಯುವುದು, ನಾನು ಗಾಜಿನ ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸುವುದು — ಮದುವೆಯಾದಾಗಿನಿಂದ ಇದೇ ಸಂಸಾರ.

ಮಧ್ಯಾಹ್ನ ಅತ್ತರಿನ ಅಬ್ದುಲ್ ಗನಿ ಸಾಹೇಬರು ಬಂದರು. ಮುಖಕ್ಕೆ ಹಚ್ಚುವ ಸ್ನೋ ಮಾಡಿದ್ದಾರಂತೆ. ‘ಚಾಂದನಿ ಸ್ನೋ’. ಡಬ್ಬಿಯ ಮೇಲೆ ಹೆಣ್ಣುಮಗಳ ಚಿತ್ರ ಬೇಕು. ಮುಂಬಯಿ ಪತ್ರಿಕೆಯ ಹಾಳೆಯೊಂದನ್ನು ಬಿಚ್ಚಿ ಇಟ್ಟರು.

“ನೋಡ್ರಿ ರೇವಣಪ್ಪ, ಹಾಲಿನ ಕೆನಿ ಇದ್ದಂಗ ಅದ ಮುಖ. ಹಿಂಥಾದ್ದು ಆಗಬೇಕು.”

“ಫೋಟೋಕ್ಕ ಕೂಡವರು ಯಾರ್ರಿ? ಈ ಊರಾಗ ಡಬ್ಬಿ ಮ್ಯಾಲ ಮುಖ ಕೊಡವರು ಯಾರದಾರ?” ಎಂದರು ಇವರು. ಗನಿ ಸಾಹೇಬರು ಹಾಳೆ ಬಿಟ್ಟು ಹೋದರು.

೧೫ ಜನವರಿ, ಭಾನುವಾರ

ಊಟಕ್ಕೆ ಕೂತಾಗ ಇವರು ಕೇಳಿದರು — “ನೀ ಕೂಡ್ತೇನು?”

ರೊಟ್ಟಿ ಕೈಯಲ್ಲೇ ಉಳಿಯಿತು. “ನನ್ನ ಮುಖಾರೀ? ಈ ಸಿಡುಬಿನ ದೇವಿ ಬಂದ ಕಲೆ ಹೊತಗೊಂಡು?”

“ಕಲೆ ತೆಗಿಯಾಕ ನಿನಗಿಂತ ಚಲೋ ಕೈ ಯಾರದದ? ಮೂಗು ಕಣ್ಣು ಅಂದ್ರ ನಿನ್ನವೇ. ನಾ ಸುಳ್ಳು ಹೇಳಾಕತ್ತಿಲ್ಲ.”

ಪಾತ್ರೆ ತೊಳೆಯುವಾಗ ನೀರಿನಲ್ಲಿ ಮುಖ ನೋಡಿಕೊಂಡೆ... ಎಷ್ಟು ವರ್ಷವಾಗಿತ್ತೋ.

೧೭ ಜನವರಿ, ಮಂಗಳವಾರ

ಕೂತೆ. ಉತ್ತರದ ಕಿಟಕಿಗೆ ಇವರ ತೆಳು ಧೋತರ ಕಟ್ಟಿದೆವು, ಬೆಳಕು ಸೋಸಿ ಬರಲೆಂದು. ನೆರಳಿನ ಕಡೆಗೆ ಬಿಳಿ ಚಾದರ. ಹಿಂದಿನಿಂದ ಕನ್ನಡಿಯಲ್ಲಿ ಬಿಸಿಲು ಹಿಡಿದು ಕೂದಲಿಗೆ ಬಿಟ್ಟರು — ಅಂಚು ಬೆಳ್ಳಿಯ ಹಾಗೆ ಹೊಳೆಯಬೇಕು, ಜಾಹೀರಾತಿನ ಗುಟ್ಟು ಅದೇ ಅಂತೆ. ಬೇರೆಯವರನ್ನು ಹೀಗೆ ಕೂರಿಸಿ ಎಷ್ಟು ಸಲ “ಅಲ್ಲಾಡಬ್ಯಾಡ್ರಿ” ಅಂದಿದ್ದೇನೆ! ಇವತ್ತು ನನ್ನ ಕುತ್ತಿಗೆ ನಿಲ್ಲಲಿಲ್ಲ. ಎರಡು ಪ್ಲೇಟು ಹಾಳು. ಮೂರನೆಯದು ಬಂತು.

೧೯ ಜನವರಿ, ಗುರುವಾರ

ನನ್ನ ಮುಖದ ಪ್ಲೇಟನ್ನೇ ತಿದ್ದುವ ಚೌಕಟ್ಟಿನಲ್ಲಿಟ್ಟು ಕೂತೆ. ಕೆಳಗಿನ ಕನ್ನಡಿಯಿಂದ ಬೆಳಕು ಮೇಲಕ್ಕೆ. ಪ್ಲೇಟಿನಲ್ಲಿ ಎಲ್ಲ ತಿರುಗುಮುರುಗು — ಮುಖ ಕಪ್ಪು, ಕಲೆಗಳ ಕುಳಿ ಬೆಳ್ಳಗೆ. ಅವನ್ನು ಪೆನ್ಸಿಲಿನಿಂದ ತುಂಬಬೇಕು. ತುಂಬಿದೆ. ಕೆನ್ನೆ, ಮೂಗಿನ ಬದಿ, ಹಣೆ. ದೇವಿ ಬಂದಾಗ ಅವ್ವ ಬೇವಿನ ಸೊಪ್ಪಿನ ಮೇಲೆ ಮಲಗಿಸಿ ನನ್ನ ಕೈ ಹಿಡಿದೇ ಕೂತಿದ್ದಳು, ಕೆರೆದುಕೊಳ್ಳಬಾರದೆಂದು. ಅವಳಿಗೆ ನಿದ್ದೆ ಹತ್ತಿದಾಗ ಕೆರೆದುಕೊಂಡದ್ದು ಎಡಗಣ್ಣಿನ ಕೆಳಗಿನದು. ಅದನ್ನೂ ತುಂಬಿದೆ.

ಪ್ರಿಂಟು ಹಾಕಿ ನೋಡಿದರೆ — ಯಾರೋ ಚೆಲುವೆ. ಅವಳ ಮೇಲೆ ಸಿಟ್ಟು ಬಂತು. ಆಮೇಲೆ ಮತ್ತೆ ಮತ್ತೆ ಹೋಗಿ ನೋಡಿ ಬಂದೆ.

೨೬ ಫೆಬ್ರುವರಿ, ಭಾನುವಾರ

ಸೊಲ್ಲಾಪುರದಿಂದ ಲೇಬಲ್ಲು ಅಚ್ಚಾಗಿ ಬಂದಿವೆ. ಗನಿ ಸಾಹೇಬರಿಗೆ ನೆಲದ ಮೇಲೆ ಕಾಲಿಲ್ಲ. ಅಫಜಲಪುರ, ಜೇವರ್ಗಿ ಸಂತೆಗಳಿಗೆಲ್ಲ ಡಬ್ಬಿ ಕಳಿಸಿದ್ದಾರೆ. ನಮ್ಮ ಓಣಿಯವರು ನನ್ನ ಮುಖ, ಡಬ್ಬಿ, ಮತ್ತೆ ನನ್ನ ಮುಖ ನೋಡಿ ನಗುತ್ತಾರೆ. ನಾನೂ ನಕ್ಕೆ.

೯ ಮಾರ್ಚ್, ಗುರುವಾರ

ಇವತ್ತು ನಗು ಬರಲಿಲ್ಲ.

ಅಫಜಲಪುರದ ಕಡೆಯ ಹುಡುಗಿ, ನಿಂಬೆವ್ವ. ತಾಯಿಯ ಜೊತೆ ಬಂದಿದ್ದಳು. ಮುಖದ ತುಂಬ ದೇವಿ ಕಲೆ. ಕೈಯಲ್ಲಿ ಚಾಂದನಿ ಸ್ನೋ, ತಳ ಕಾಣುವಷ್ಟು ಬಳಿದ ಡಬ್ಬಿ. ಡಬ್ಬಿಯ ಮೇಲಿನವಳು ಆಳಂದದ ಫೋಟೋದವರ ಹೆಂಡತಿ, ಅವಳಿಗೂ ಮೊದಲು ಕಲೆ ಇದ್ದವು ಎಂದು ಸಂತೆಯಲ್ಲಿ ಯಾರೋ ಹೇಳಿದರಂತೆ.

“ಅಕ್ಕಾ, ನೀವು ಎಷ್ಟು ದಿನಾ ಹಚ್ಚಿದ್ರಿ? ನಾ ದಿನಾ ಹಚ್ಚಾಕತ್ತೇನಿ, ಏನೂ ಆಗವಲ್ದು.”

ನಾನು ಕಿಟಕಿಗೆ ಬೆನ್ನು ಮಾಡಿ ಕೂತಿದ್ದೆ. ಹಾಗೆ ಕೂತರೆ ಮುಖ ನೆರಳಿಗೆ ಬೀಳುತ್ತದೆ, ಕಲೆ ಕಾಣುವುದಿಲ್ಲ. ನನಗೆ ಗೊತ್ತಿಲ್ಲದ ವಿದ್ಯೆಯೇ? ಹಾಗೇ ಕೂತಿದ್ದರೆ ಅವಳು ಇನ್ನೊಂದು ಡಬ್ಬಿ ಕೊಂಡು ಹೋಗುತ್ತಿದ್ದಳು.

ಕಿಟಕಿಯ ಕಡೆಗೆ ತಿರುಗಿದೆ.

ಅವಳು ನೋಡಿದಳು. ತಾಯಿಯೂ ನೋಡಿದಳು. ಪ್ಲೇಟು ತಂದು ಪೆನ್ಸಿಲ್ ಗೀರುಗಳನ್ನು ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಹುಡುಗಿ ಅಂದಳು — “ಹಂಗಾದ್ರ ನನಗೂ ಪೆನ್ಸಿಲ್ ಹಚ್ಚರಿ.”

ಅವಳಿಗೆ ನರೋಣಾದ ಕಡೆಯಿಂದ ಮದುವೆಯ ಸಂಬಂಧ ಬಂದಿದೆಯಂತೆ. ವರನಿಗೆ ಫೋಟೋ ಬೇಕಂತೆ. ಹಿಂದೆ ಹೆಣ್ಣು ನೋಡಲು ಬಂದ ಒಬ್ಬರು ಅಂಗಳದಿಂದಲೇ ಮುಖ ನೋಡಿ ನೀರು ಕುಡಿಯದೆ ತಿರುಗಿ ಹೋಗಿದ್ದರಂತೆ. ಭಾನುವಾರ ಬನ್ನಿ ಎಂದೆ.

೧೦ ಮಾರ್ಚ್

ಗನಿ ಸಾಹೇಬರನ್ನು ಕರೆಸಿ ನಿಂಬೆವ್ವನ ಸಂಗತಿ ಹೇಳಿದೆ. ಅವರ ಮುಖ ಕೆಂಪಾಯಿತು.

“ಕಲೆ ಹೋಗ್ತಾವ ಅಂತ ನಾ ಡಬ್ಬಿ ಮ್ಯಾಲ ಎಲ್ಲಿ ಬರ್ಸೇನಿ ಬಹನ್?”

“ನೀವು ಬರ್ಸಿಲ್ಲರಿ ಭಾಯಿ. ನನ್ನ ಮುಖಾನೇ ಹಂಗ ಹೇಳಾಕತ್ತದ. ಅದನ್ನ ತೆಗದುಬಿಡ್ರಿ.”

“ನನ್ನ ವ್ಯಾಪಾರ?” ಎಂದು ಎದ್ದು ಹೋದರು. ಇವರು ಬಾಗಿಲಿನ ತನಕ ಹೋಗಿ, ತಿರುಗಿ ಬಂದು, ನನ್ನ ಪಕ್ಕ ಕೂತರು. ಬೈಯಲಿಲ್ಲ.

೧೨ ಮಾರ್ಚ್, ಭಾನುವಾರ

ನಿಂಬೆವ್ವ ಕೂತಳು. ಅದೇ ಕಿಟಕಿ, ಅದೇ ಧೋತರ. ಹುಡುಗಿ ಕಲ್ಲಿನ ಹಾಗೆ ಬಿಗಿದಿದ್ದಳು. ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ಪ್ಲೇಟು ಕೂರಿಸಿ ಇವರು ತಲೆ ತೆಗೆಯುವಷ್ಟರಲ್ಲಿ, ರುಮಾಲು ಕಳಚಿ ಬಟ್ಟೆಗೇ ಸುತ್ತಿಕೊಂಡಿತು. ಹೊರಗೆ ಬರಲಾಗದೆ ಒಳಗಿನಿಂದಲೇ ನನ್ನನ್ನು ಕೂಗಿದರು — “ಮಾಣಿಕಾ, ಎಳಿ! ಎಳಿಯಂದ್ರ!” ನಿಂಬೆವ್ವ ನಕ್ಕಳು — ಹಲ್ಲು ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ. ಆ ನಗು ಇಳಿಯುವ ಮುಂಚೆ ನಾನೇ ಕ್ಯಾಮೆರಾದ ರಬ್ಬರ್ ಬಲ್ಬು ಒತ್ತಿದೆ.

ಮೊದಲು ಇದ್ದ ಹಾಗೇ ಒಂದು ಪ್ರಿಂಟು. ಆಮೇಲೆ ಅದೇ ಪ್ಲೇಟಿಗೆ ಪೆನ್ಸಿಲ್ ಹಚ್ಚಿ ಇನ್ನೊಂದು. ಎರಡನ್ನೂ ಅವಳ ಮುಂದಿಟ್ಟೆ. ತಾಯಿ ಎರಡನೆಯದಕ್ಕೆ ಕೈ ಹಾಕಿದಳು. ನಿಂಬೆವ್ವ ಆ ಕೈ ಹಿಡಿದಳು.

“ಇದನ್ನ ನೋಡಿ ಬಂದ್ರ ಮತ್ತ ಅಂಗಳದಾಗಿಂದನೇ ತಿರುಗಿ ಹೋಗ್ತಾರಬೇ. ಬರವರು ಗೊತ್ತಿದ್ದೇ ಬರ್ಲಿ.”

ಮೊದಲಿನದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಸರಿ ಮಾಡಿದೆನೋ, ಆ ಹುಡುಗಿಯ ದಾರಿಗೆ ಅಡ್ಡ ಬಂದೆನೋ...

೨೪ ಮಾರ್ಚ್

ನರೋಣಾದಿಂದ ಸುದ್ದಿಯಿಲ್ಲ. ಗನಿ ಸಾಹೇಬರು ಹೊಸ ಲೇಬಲ್ಲು ತೋರಿಸಲು ಬಂದಿದ್ದರು. ಗುಲಾಬಿ ಹೂವಿನದು. “ಹೂವಿಗೆ ಯಾರೂ ಏನೂ ಕೇಳಂಗಿಲ್ಲ ನೋಡು,” ಎಂದು ಚಹಾ ಕುಡಿದು ಹೋದರು. ಮನಸ್ಸು ಹಗುರಾಯಿತು, ಅರ್ಧ.

೨ ಏಪ್ರಿಲ್, ಭಾನುವಾರ. ಬೆಳಿಗ್ಗೆ

ನರೋಣಾದ ಹುಡುಗನೇ ಬಂದಿದ್ದಾನೆ! ಮಲ್ಕಪ್ಪ. ಒಬ್ಬನೇ. ಅಂಗಿಯ ಜೇಬಿನಿಂದ ಆ ಫೋಟೋ ತೆಗೆದ.

“ಅಕ್ಕೋರ, ಫೋಟೋದಾಗ ನೀವು ಪೆನ್ಸಿಲ್ ಹಚ್ಚತೀರಂತ. ಇದಕ್ಕೆಷ್ಟು ಹಚ್ಚೀರಿ?”

“ಒಂದು ಗೀರೂ ಇಲ್ಲಪಾ. ಕಾಣತಾವಲ್ಲ ಕಲೆ.”

“ಕಲೆ ಕೇಳಿಲ್ಲರಿ. ಈ ನಗು...” ಹುಡುಗ ತಲೆ ತಗ್ಗಿಸಿದ. “ಇದು ಆಕೀದೇ ಏನ್ರಿ?”

“ಆಕೀದೇ. ನಗು ಹಚ್ಚೋ ಪೆನ್ಸಿಲ್ ನನ್ನ ಹತ್ರ ಇಲ್ಲ.”

ಫೋಟೋ ಜೇಬಿಗೆ ಸೇರಿತು. ಆಮೇಲೆ ಕಿವಿ ಕೆಂಪು ಮಾಡಿಕೊಂಡು — “ಹಂಗಾದ್ರ ನಂದೂ ಒಂದು ತೆಗೀರಿ. ಆಕೀಗೆ ಕಳಸಬೇಕು. ನನ್ನ ಹಲ್ಲು ಸೊಟ್ಟ ಅವ... ಇರ್ಲಿ, ಹಂಗೇ ಇರ್ಲಿ.”

ಒಳಗೆ ಬಂದು ಇಷ್ಟು ಬರೆದೆ, ಬರೆಯದೆ ಇರಲಾಗಲಿಲ್ಲ. ಇವರು ಅಲ್ಲಿ ಹಲ್ಲು ಮುಚ್ಚು ಅನ್ನುತ್ತಿದ್ದಾರೆ, ಹುಡುಗನಿಗೆ ಮುಚ್ಚಲಾಗುತ್ತಿಲ್ಲ. “ಮಾಣಿಕಾ, ಧೋತರ ಹಿಡಿ ಬಾ!” ಬಂದೆ, ಬಂದೆ. ಮುಚ್ಚಿಸಬೇಡಿ ಅಂತ ಹೇಳಬೇಕು, ಮೊದಲು ಅದನ್ನು —