ಖಾಲಿ ನೀರಿಗೆ ಬರೆದ ನಾಲ್ಕು

ಆಗಸ್ಟ್ 6, 2002, ಮಂಗಳವಾರ. ಬೆಳಿಗ್ಗೆ 11.40

ಸಮುದ್ರದ ಐಸಿನ ನಕ್ಷೆ ಮುಗಿಯಿತು. ಐದಕ್ಕೆ ಬಂದು ಕೂತವಳು ಈಗ ತಲೆಯೆತ್ತಿದ್ದೇನೆ. ಇಂದಿನ ಉಪಗ್ರಹ ಚಿತ್ರ ಮಸುಕು. ಬೇಸಿಗೆಯಲ್ಲಿ ಐಸಿನ ಮೇಲೆ ನೀರು ನಿಂತರೆ ರೇಡಾರಿಗೆ ಹೊಸದು ಹಳೆಯದು ಎಲ್ಲ ಒಂದೇ. ಜಲಸಂಧಿಯ ನಡುಭಾಗಕ್ಕೆ ಹಳೆಯ ಐಸು ಹತ್ತರಲ್ಲಿ ಮೂರು ಪಾಲು ಎಂದು ಬರೆದೆ. ಎರಡು ಪಾಲೂ ಇರಬಹುದು. ಮೂರೇ ಇರಲಿ.

ನಿನ್ನೆ ಊಟಕ್ಕೆ ಕೂತಾಗ ಶ್ರೀಕಂಠ ಕೇಳಿದರು: "ಐಸಲ್ಲೂ ಹಳೇದು ಹೊಸದು ಅಂತ ಇರತ್ತೇನೇ?" ಈ ಚಳಿಗಾಲದ್ದು ಉಪ್ಪುನೀರಿನದು, ಮೆತ್ತಗೆ, ಹಡಗು ತಳ್ಳಿಕೊಂಡು ಹೋಗುತ್ತೆ. ಬೇಸಿಗೆ ದಾಟಿಯೂ ಕರಗದೆ ಉಳಿದದ್ದು ಕಲ್ಲು, ಹಡಗಿನ ಹೊಟ್ಟೆ ಸೀಳುತ್ತೆ ಎಂದೆ. "ನೀನು ಈ ಮನೇಲಿ ಇಪ್ಪತ್ತೆರಡು ಬೇಸಿಗೆ ದಾಟಿದೀಯ, ಅಲ್ವಾ?" ಗಂಡನ ಜೋಕು.

ಶನಿವಾರ ಟ್ಯಾಂಕರು ಹಡಗು ಹೊರಡುತ್ತದೆ. ಈ ಜಲಸಂಧಿ ದಾಟಿ ಉತ್ತರ ಧ್ರುವದ ಕಡೆಯ ಒಂದು ಹಳ್ಳಿಗೆ ವರ್ಷಕ್ಕೆ ಒಂದೇ ಸಲ ಹೋಗುವ ಎಣ್ಣೆ. ಹಡಗಿನಲ್ಲಿ ಹದಿನೇಳು ಜನ. ದಿನಾ ಮಧ್ಯಾಹ್ನ ಎರಡಕ್ಕೆ ನಮ್ಮ ನಕ್ಷೆ ಕ್ಯಾಪ್ಟನ್‌ಗೆ ಸೇರಬೇಕು.

ಆಗಸ್ಟ್ 8, ಗುರುವಾರ. ಬೆಳಿಗ್ಗೆ 6.15

ಮಂಗಳವಾರ ಕಳಿಸಿದ ನಕ್ಷೆಯ ಪ್ರತಿಯನ್ನು ಬೇರೆ ಯಾವುದಕ್ಕೋ ಫೈಲಿನಿಂದ ತೆಗೆದೆ. ನಡುಭಾಗದಲ್ಲಿ ಹಳೆಯ ಐಸು ಒಂದು ಪಾಲು ಎಂದಿದೆ.

ನಾನೇ ತಪ್ಪು ಬರೆದೆನೆ? ಡ್ರಾಯರಿನಲ್ಲಿ ನನ್ನ ಪೆನ್ಸಿಲ್ ಹಾಳೆ ಇತ್ತು. ಮೂರು. ನನ್ನದೇ ಕೈ, ನನ್ನದೇ ಮೂರು.

ನಾನು ಒಂದು ಗಂಟೆಗೆ ಮನೆಗೆ ಹೊರಡುತ್ತೇನೆ. ಆಮೇಲೆ ಹಾಳೆ ಹೋಗುವುದು ಉದಯಕುಮಾರನ ಟೇಬಲಿಗೆ. ಅವನು ಅದನ್ನು ಕಂಪ್ಯೂಟರಿಗೆ ಏರಿಸಿ, ಕೆಳಗೆ ತನ್ನ ಇನಿಷಿಯಲ್ಸ್ ಹಾಕಿ ಎರಡಕ್ಕೆ ಕಳಿಸುತ್ತಾನೆ. ನಡುವೆ ಬೇರೆ ಯಾರ ಕೈಯೂ ಇಲ್ಲ.

ಈ ಡೈರಿ ಇನ್ನು ಡ್ರಾಯರಿನಲ್ಲಿ ಬೇಡ. ಈ ಆಫೀಸಿನಲ್ಲಿ ಕನ್ನಡ ಓದಬಲ್ಲವನು ಅವನೊಬ್ಬನೇ.

ಆಗಸ್ಟ್ 11, ಭಾನುವಾರ. ಸಂಜೆ

ಉದಯಕುಮಾರ ಊಟಕ್ಕೆ ಬಂದಿದ್ದ. ತಿಂಗಳಿಗೊಮ್ಮೆ ಬರುವ ಪದ್ಧತಿ, ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಹುಬ್ಬಳ್ಳಿಯವನು, ಇಲ್ಲೇ ಪಕ್ಕದ ಸ್ಕಾರ್ಬರೋದಲ್ಲಿ ಬೇಸ್‌ಮೆಂಟಿನ ವಾಸ. ಎರಡು ವರ್ಷದ ಹಿಂದೆ ಗೋದಾಮಿನಲ್ಲಿ ಡಬ್ಬ ಎತ್ತುತ್ತಿದ್ದ ಜಿಯಾಲಜಿ ಎಂಎಸ್ಸಿಯನ್ನು ನಮ್ಮ ಆಫೀಸಿಗೆ ಕರೆತಂದವಳು ನಾನು. ಮಾರ್ಕಮ್‌ನ ಆಫೀಸಿಗೆ ಮೊದಲ ವಾರವೆಲ್ಲ ನನ್ನ ಕಾರಿನಲ್ಲೇ ಬಂದ.

"ಅಕ್ಕಾರ, ಯಾಕ್ರೀ, ಮಾರಿ ಸಣ್ಣ ಆಗೇತಿ?"

"ಏನಿಲ್ಲಪ್ಪ, ನಿದ್ದೆ ಕಡಿಮೆ. ಇನ್ನೊಂದು ಸ್ವಲ್ಪ ಸಾರು ಹಾಕ್ಲಾ?"

"ಹಾಕ್ರಿ ಹಾಕ್ರಿ. ನಿಮ್ಮ ಮೈಸೂರು ಸಾರಿಗೆ ಖಾರ ಒಂದ ಕಡಿಮಿ. ಆದ್ರೂ ಉಣ್ತೀನಿ, ಅಕ್ಕಾರ ಮಾಡ್ಯಾರಂತ."

ಎಲ್ಲರೂ ನಕ್ಕೆವು. ನಾನೂ. ಸೆಪ್ಟೆಂಬರಿನಲ್ಲಿ ಆಫೀಸಿನಲ್ಲಿ ಒಂದೇ ಒಂದು ಪರ್ಮನೆಂಟ್ ಹುದ್ದೆ. ನಾವಿಬ್ಬರೂ ಕಾಂಟ್ರಾಕ್ಟಿನವರು. ನನ್ನ ನಕ್ಷೆ ತಪ್ಪೆಂದು ತೋರಿದರೆ ಯಾರಿಗೆ ಲಾಭ?

ಅವನು ಹೋದ ಮೇಲೆ ಶ್ರೀಕಂಠರಿಗೆ ಹೇಳಿದೆ. "ಕೇಳ್ಬಿಡೇ ಅವನನ್ನೇ. ಕೇಳಿದ್ರೆ ಏನಾಗತ್ತೆ?" ಮನೆಗೆ ಬಂದು ಉಂಡು ಹೋಗುವವನನ್ನು ಹೇಗೆ ಕೇಳುವುದು? ಸುಳ್ಳಾಗಿದ್ದರೆ ಮತ್ತೆ ಅವನ ಮುಖ ನೋಡುವುದು ಹೇಗೆ?

ಆಗಸ್ಟ್ 14, ಬುಧವಾರ. ಮಧ್ಯಾಹ್ನ 12.50

ಸೋಮವಾರ ಎರಡು ಎಂದು ಬರೆದದ್ದು ಸೊನ್ನೆಯಾಗಿ ಹೋಗಿದೆ. ನಿನ್ನೆಯ ಮೂರು, ಎರಡಾಗಿದೆ. ಯಾವಾಗಲೂ ಇಳಿಸುವುದೇ. ಕ್ಯಾಪ್ಟನ್ ಅದನ್ನು ನಂಬಿ ನುಗ್ಗಿದರೆ...

ಇಂದು ಉದಯ ಡಗ್‌ನ ಕೋಣೆಯಲ್ಲಿದ್ದ. ಡಗ್ ನಮ್ಮಿಬ್ಬರಿಗೂ ಬಾಸ್. ಗಾಜಿನ ಬಾಗಿಲು ಹಾಕಿತ್ತು. ನಾನು ಹಾದು ಹೋಗುವಾಗ ಇಬ್ಬರೂ ಮಾತು ನಿಲ್ಲಿಸಿದರು. ಡಗ್ ಕೈಯೆತ್ತಿದ, ಅಗತ್ಯಕ್ಕಿಂತ ಜಾಸ್ತಿ ನಗುತ್ತ. ಉದಯ ನನ್ನ ಕಡೆ ನೋಡಲಿಲ್ಲ.

ಅಥವಾ ನನಗೆ ಹಾಗೆ ಕಂಡಿತೆ? ಕಾಣಬೇಕೆಂದು ಹೊರಟವಳಿಗೆ ಕಾಣದ್ದು ಏನಿದೆ?

ಆಗಸ್ಟ್ 19, ಸೋಮವಾರ. ಮಧ್ಯಾಹ್ನ 12.20

ಮಾಡಿಬಿಟ್ಟೆ.

ಜಲಸಂಧಿಯ ಪೂರ್ವಕ್ಕೊಂದು ಸಣ್ಣ ಕೊಲ್ಲಿ. ಚಿತ್ರದಲ್ಲಿ ಅಚ್ಚ ಕಪ್ಪು, ಖಾಲಿ ನೀರು. ಅಲ್ಲಿ ಹಳೆಯ ಐಸು ನಾಲ್ಕು ಪಾಲು ಎಂದು ಬರೆದೆ. ಹಡಗಿನ ದಾರಿ ಅದಲ್ಲ, ಯಾರೂ ಅಲ್ಲಿಗೆ ಹೋಗುವುದಿಲ್ಲ. ಇಷ್ಟು ಎದ್ದುಕಾಣುವ ತಪ್ಪನ್ನು ನೇರ ಮನಸ್ಸಿನವನಾದರೆ ಫೋನು ಮಾಡಿ ಕೇಳುತ್ತಾನೆ; ಉದಯ ಕೇಳದೆ ಅದನ್ನೂ ತಿದ್ದಿದರೆ ಹಿಡಿದುಹಾಕಬಹುದು. ಪೆನ್ಸಿಲ್ ಹಾಳೆಯ ಜೆರಾಕ್ಸ್ ಬ್ಯಾಗಿನಲ್ಲಿದೆ. ನಾಳೆ ಬೆಳಿಗ್ಗೆ ಆ ನಾಲ್ಕನ್ನು ನಾನೇ ಅಳಿಸುತ್ತೇನೆ.

ಇಲ್ಲದ ಐಸನ್ನು ಇದೆ ಎಂದರೆ ಯಾರಿಗೂ ಕೇಡಿಲ್ಲ. ಇರುವುದನ್ನು ಇಲ್ಲ ಎಂದರೆ ತಾನೆ ಅಪಾಯ. ಇದನ್ನು ಮೂರು ಸಲ ಹೇಳಿಕೊಂಡೆ. ಮೂರು ಸಲ ಯಾಕೆ ಹೇಳಿಕೊಳ್ಳಬೇಕಾಯಿತು?

ಆಗಸ್ಟ್ 20, ಮಂಗಳವಾರ. ಬೆಳಿಗ್ಗೆ 5.30

ಅವನು ತಿದ್ದಿಲ್ಲ. ನಾಲ್ಕು ನಾಲ್ಕಾಗಿಯೇ ಹೋಗಿದೆ.

6.20

ಕ್ಯಾಪ್ಟನ್‌ನ ಮೆಸೇಜು ನಾಲ್ಕೂವರೆಗೇ ಬಂದು ಬಿದ್ದಿದೆ. ಅವನ ಮಾತುಗಳು ಇವು: ನಿನ್ನೆ ಸಂಜೆ ಗಾಳಿ ತಿರುಗಿ ಐಸು ಜಲಸಂಧಿಗೆ ಒತ್ತಿತು. ಪೂರ್ವದ ಕೊಲ್ಲಿಗೆ ಹೋಗಿ ನಿಲ್ಲೋಣವೆಂದಿದ್ದೆ, ನಿಮ್ಮ ನಕ್ಷೆಯಲ್ಲಿ ಅಲ್ಲಿ ನಾಲ್ಕು ಪಾಲು ಹಳೆಯ ಐಸಿತ್ತು, ಆದ್ದರಿಂದ ಜಲಸಂಧಿಯಲ್ಲೇ ಉಳಿದೆ. ಬಲಗಡೆ ಹೊಡೆತ. ಹೊರಗಿನ ಟ್ಯಾಂಕಿಗೆ ನೀರು ನುಗ್ಗುತ್ತಿದೆ. ಎಣ್ಣೆಯ ಟ್ಯಾಂಕು ಸದ್ಯಕ್ಕೆ ಗಟ್ಟಿ. ಐಸು ಒಡೆದು ದಾರಿ ಮಾಡುವ ಐಸ್‌ಬ್ರೇಕರು ಹನ್ನೆರಡು ಗಂಟೆ ದೂರ.

"ನಿಮ್ಮ ನಕ್ಷೆಯಲ್ಲಿ."

5.58ಕ್ಕೆ ತಿದ್ದುಪಡಿ ಕಳಿಸಿದೆ: ಕೊಲ್ಲಿ ಖಾಲಿ ಇದೆ. ಅವನ ಉತ್ತರ ಒಂದೇ ಸಾಲು. ಈಗ ಅಲುಗಾಡಲು ಆಗುವುದಿಲ್ಲ.

ಮಧ್ಯಾಹ್ನ 1.15

ಮನೆಗೆ ಹೋಗಿಲ್ಲ. ಉದಯ ಒಂಬತ್ತಕ್ಕೆ ಬಂದ, ಮೆಸೇಜು ಓದಿದ, ಇನ್ನೊಮ್ಮೆ ಓದಿದ. ಆಗ ಕೇಳಿದೆ. ಹನ್ನೆರಡು ದಿನ ತಡವಾಗಿ.

"ನನ್ನ ನಂಬರು ಯಾಕೆ ತಿದ್ತಿದ್ದೆ, ಉದಯ?"

ಅವನ ಕಿವಿ ಕೆಂಪಾಯಿತು. "ನಿಮಗ ಗೊತ್ತಿತ್ತೇನ್ರಿ?" ಆಮೇಲೆ ನೆಲ ನೋಡುತ್ತ ಹೇಳಿದ: "ಒಂದೂವರಿಗೆ ಹೆಲಿಕಾಪ್ಟರಿನವರ ರಿಪೋರ್ಟ್ ಬರ್ತೈತ್ರಿ. ಅವರು ಕಣ್ಣಿಲೇ ನೋಡಿ ಹೇಳೂದು. ನೀವು ಹೋಗಿರ್ತೀರಿ. ಡಗ್ ಅಂದಾ, ಅದರ ಪ್ರಕಾರ ತಿದ್ದು, ಆಕಿಗೆ ಹೇಳು ಅಂತ. ಹೆಂಗ ಹೇಳ್ಲಿ ಅಕ್ಕಾರ? ಈ ಕೆಲಸ ಕೊಡ್ಸಿದವರು ನೀವು. ನಿಮಗ ಕುಂತು ತಪ್ಪು ತೋರಸ್ಲೇನು? ಮೊನ್ನೆ ಬುಧವಾರ ಡಗ್ ಕೇಳ್ದಾ, ಹೇಳ್ದೇನು ಅಂತ. ಹೂಂ ಅಂದೆ. ಸುಳ್ಳ ಹೇಳ್ದೆ."

"ನಿನ್ನೆ ಯಾಕೆ ತಿದ್ದಲಿಲ್ಲ?"

"ಆ ಕೊಲ್ಲಿಗೆ ಹೆಲಿಕಾಪ್ಟರ್ ಹೋಗಿದ್ದಿಲ್ರಿ. ನನ್ನ ಕಣ್ಣಿಗೆ ಖಾಲಿ ನೀರಽ ಕಂಡ್ತು. ಆದ್ರ ನೀವು ನಾಲ್ಕು ಬರದೀರಿ ಅಂದಮ್ಯಾಲೆ... ಅಕ್ಕಾರಿಗೆ ಏನರ ಕಂಡಿರಬೇಕು, ನನಗಽ ತಿಳೀವಲ್ದು ಅಂದಕೊಂಡೆ."

ನಾನು ಅಲ್ಲಿಂದ ಎದ್ದು ಹೋಗಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ.

ಸಂಜೆ 6.40

ಐಸ್‌ಬ್ರೇಕರು ಸೇರಿತು. ಹದಿನೇಳೂ ಜನ ಕ್ಷೇಮ. ಎಣ್ಣೆ ಸೋರಿಲ್ಲ. ಶ್ರೀಕಂಠರಿಗೆ ಫೋನಿನಲ್ಲಿ ಇಷ್ಟನ್ನೇ ಹೇಳಿದೆ. "ದೇವರು ದೊಡ್ಡವನು ಬಿಡೇ" ಎಂದರು. ಉಳಿದದ್ದು ಹೇಳಲಿಲ್ಲ.

ಆಗಸ್ಟ್ 21, ಬುಧವಾರ. ಮಧ್ಯಾಹ್ನ 2

ಹಡಗಿನವರು ವಿವರಣೆ ಕೇಳಿದ್ದಾರೆ. ಡಗ್ ಇಬ್ಬರನ್ನೂ ಕೂಡಿಸಿಕೊಂಡ. ಕಳಿಸಿದ ನಕ್ಷೆಯ ಕೆಳಗೆ ಇರುವುದು ಉದಯನ ಇನಿಷಿಯಲ್ಸ್. ತಪ್ಪು ಯಾರದೋ ಅವರು ನಾಳೆ ಒಂಬತ್ತರೊಳಗೆ ಬರೆದುಕೊಡಬೇಕು, ಆಮೇಲೆ ಅವರು ಇಲ್ಲಿ ಉಳಿಯುವುದು ಕಷ್ಟ ಎಂದ. ಅವನು ಇದನ್ನು ಹೇಳುವಾಗ ನೋಡುತ್ತಿದ್ದದ್ದು ಉದಯನನ್ನು. ನಾನು ತೊಡೆಯ ಮೇಲಿನ ಬ್ಯಾಗನ್ನು ಮುಚ್ಚಿಹಿಡಿದು ಕೂತೆ; ಆ ಜೆರಾಕ್ಸ್ ಅದರೊಳಗೇ ಇತ್ತು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಉದಯ ಹತ್ತಿರ ಬಂದ. "ಟೈಪ್ ಮಾಡೂಮುಂದ ನನ್ನ ಕೈ ತಪ್ಪೇತಿ ಅಂತ ಬರದಕೊಡ್ತೀನ್ರಿ. ಸೊನ್ನಿ ಇದ್ದಲ್ಲಿ ನಾಲ್ಕು ಬಿತ್ತು ಅಂತ. ನಿಮ್ಮ ವಯಸ್ಸಿಗೆ ಬ್ಯಾರೆ ಕೆಲಸ ಸಿಗೂದು ಕಷ್ಟ. ನಾ ಏನ್ರಿ, ಗೋದಾಮಿಗೆ ಹೊಳ್ಳಿ ಹೋದ್ರೂ ನಡೀತೈತಿ."

"ಬೇಡ ಉದಯ..."

"ಮಸುಕು ಚಿತ್ರ ನೋಡಿ ಯಾರಿಗರ ತಪ್ಪತೈತ್ರಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

ನಾನು ಕಣ್ಣು ತಪ್ಪಿ ಬರೆದೆ ಎಂದೇ ಅವನ ನಂಬಿಕೆ. ಇಷ್ಟೆಲ್ಲ ಆದ ಮೇಲೂ ಅವನಿಗೆ ನನ್ನ ಮೇಲೆ ಒಂದು ಎಳೆ ಅನುಮಾನವಿಲ್ಲ. ಅಥವಾ ಇದೆಯೆ? ಗೊತ್ತಿದ್ದೂ ಹೀಗೆ ಹೇಳಿ ನನ್ನನ್ನು... ಥೂ. ಇನ್ನೂ ಬಿಟ್ಟಿಲ್ಲ ನನಗೆ ಈ ರೋಗ.

ಆಗಸ್ಟ್ 22, ಗುರುವಾರ. ಬೆಳಿಗ್ಗೆ 7.50

ಡಗ್‌ಗೆ ಕೊಡುವ ವಿವರಣೆಯನ್ನು ಇಂಗ್ಲಿಷಿನಲ್ಲಿ ಮೂರು ಸಲ ಶುರುಮಾಡಿ ಹರಿದೆ. ಮೂರರಲ್ಲೂ ತಪ್ಪು ತಾನಾಗಿಯೇ ಆಗಿಹೋಗಿರುತ್ತದೆ, ನಾನು ಅಲ್ಲೆಲ್ಲೂ ಇರುವುದಿಲ್ಲ. ಮೊದಲು ಇಲ್ಲಿ ಬರೆಯುತ್ತೇನೆ.

ಸೋಮವಾರದ ನಕ್ಷೆಯಲ್ಲಿ ಪೂರ್ವದ ಕೊಲ್ಲಿಗೆ ಬರೆದ ನಾಲ್ಕು ನನ್ನದು. ಟೈಪಿನ ತಪ್ಪಲ್ಲ. ಚಿತ್ರದ ತಪ್ಪಲ್ಲ. ಅಲ್ಲಿ ನೀರಿದ್ದದ್ದು ನನಗೆ ಚೆನ್ನಾಗಿ ಕಂಡಿತ್ತು. ಉದಯಕುಮಾರನ ಮೇಲೆ ನನಗೆ ಅನುಮಾನವಿತ್ತು, ಅವನನ್ನು ಕೇಳುವ ಬದಲು—

ಅವನ ಕಾರು ಬಂತು. ಒಂಬತ್ತಕ್ಕೆ ಬರುವವನು. ಕೈಯಲ್ಲಿ ಕವರಿದೆ, ನೇರ ಡಗ್‌ನ ಕೋಣೆಯ ಕಡೆಗೇ ನಡೆದಿದ್ದಾನೆ. ಅವನು ಆ ಬಾಗಿಲು ತಟ್ಟುವುದಕ್ಕೆ ಮುಂಚೆ ನಾನು ಹೋಗಿ ಹೇಳಬೇಕು, ಆ ನಾಲ್ಕು ನನ್ನ—